ಎಳೆ ಕಡಿದರೆ ಮಾಡುವ ಸನ್ನೆ

ಫೆಬ್ರವರಿ ೨೧

ತಮ್ಮಾ,

ನಿನ್ನ ಮಗಳು ನಿನ್ನೆ ನಕ್ಕಳು. ನಿದ್ದೆಯಲ್ಲಿ ತುಟಿ ಸೊಟ್ಟಗಾಗುವ ನಗೆಯಲ್ಲ, ಅದು ಹುಟ್ಟಿದಾಗಿನಿಂದ ಇದೆ. ಇದು ನನ್ನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿ, ಗುರುತು ಹಿಡಿದು ನಕ್ಕ ನಗೆ. ಒಂದೂವರೆ ತಿಂಗಳಿಗೆ ಮಕ್ಕಳು ಹೀಗೆ ನಗಬೇಕೆಂದು ಮಕ್ಕಳ ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು. ಹೊತ್ತಿಗೆ ಸರಿಯಾಗಿ ನಕ್ಕಿದ್ದಾಳೆ. ಇದರಲ್ಲಿ ಅಪ್ಪನನ್ನು ಹೋಲುವುದಿಲ್ಲ.

ಫೋನು ಮಾಡಿ ಪ್ರಯೋಜನವಿಲ್ಲವೆಂದೇ ಈ ಕಾಗದ. ನಮ್ಮ ಮನೆ ನಿನಗೆ ಗೊತ್ತಲ್ಲ, ಕೆಳಗೆ ಮಗ್ಗದ ಶೆಡ್ಡು, ಮೇಲೆ ನಾವು. ಅಷ್ಟೂ ಮಗ್ಗ ಒಟ್ಟಿಗೆ ಬಡಿಯುವಾಗ ನೀನು ಹೇಳಿದ್ದು ನಮಗೆ ಕೇಳುವುದಿಲ್ಲ, ನಾವು ಕೂಗಿದ್ದಕ್ಕೆ ನಿನ್ನ ಕಿವಿ ಹರಿದುಹೋಗುತ್ತದೆ. ಇಷ್ಟು ವರ್ಷ ಮಗ್ಗದ ಮುಂದೆ ನಿಂತು ನನ್ನ ಕಿವಿಯೂ ನಿನ್ನ ಭಾವನ ಕಿವಿಯೂ ಅರ್ಧಕ್ಕೆ ಬಂದಿವೆ. ಮನೆಯಲ್ಲೂ ಶೆಡ್ಡಿನ ಕೈಸನ್ನೆಯಲ್ಲೇ ಮಾತು. ಒಬ್ಬರನ್ನೊಬ್ಬರು ಕರೆಯಬೇಕಾದರೆ ಹಿಮ್ಮಡಿಯಿಂದ ಹಲಗೆ ನೆಲವನ್ನು ಬಡಿಯುತ್ತೇವೆ. ಇಂಥ ಗಲಾಟೆಯಲ್ಲಿ ಕೂಸು ಹೇಗೆ ಮಲಗೀತೋ ಎಂದು ಹೆದರಿದ್ದೆ. ಮಲಗಿಸಿದರೆ ಸಾಕು, ಕೆಳಗಿನ ಮಗ್ಗಗಳೇ ತೊಟ್ಟಿಲು ತೂಗುತ್ತವೆ.

ನಿನ್ನ ಭಾವ ಅವಳಿಗೆ ಲಾಳಿ ಎಂದು ಹೆಸರಿಟ್ಟಿದ್ದಾರೆ. ಬೆರಳನ್ನು ಅವಳ ಮುಖದ ಮುಂದೆ ಆಚೆಯಿಂದ ಈಚೆಗೆ ಆಡಿಸಿದರೆ, ನೂಲು ಹೊತ್ತು ಓಡುವ ಲಾಳಿಯ ಹಾಗೆ ಕಣ್ಣು ಅದರ ಹಿಂದೆಯೇ ಓಡುತ್ತದೆ.

ಮೂರು ದಿನದ ಕೂಸನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋದೆ. ನನ್ನ ಕೈಗೆ ಕೊಟ್ಟವಳು ನರ್ಸು, ನೀನಲ್ಲ. ನಿನ್ನ ಹೆಂಡತಿ ಆಗತಾನೇ ತೀರಿಹೋಗಿದ್ದಳು, ನಾನು ಏನೂ ಅನ್ನಲಿಲ್ಲ. ಈಗ ಅನ್ನುತ್ತೇನೆ. ಒಮ್ಮೆ ಬಂದು ಮಗುವನ್ನು ಎತ್ತಿಕೋ. ನಾನು ಕೇಳುವುದು ಅಷ್ಟೇ.

ನಿನ್ನ ಅಕ್ಕ

ಮಾರ್ಚ್ ೧೧

ಅಕ್ಕಾ,

ಕಾಗದ ತಲುಪಿತು. ಓದಿದೆ. ನಕ್ಕಳು ಎಂದು ಬರೆದಿದ್ದೀಯ. ಸಂತೋಷವಾಗಬೇಕಿತ್ತು. ಆಗಲಿಲ್ಲ. ದುಃಖವೂ ಆಗಲಿಲ್ಲ. ಮುಚ್ಚಿಡುವುದೇಕೆ ಎಂದು ಬರೆದೆ.

ಇಲ್ಲಿ ಮೀನಿನ ಕಾಲ. ದೋಣಿಗಳು ಬೆಳಗಾಗುವ ಮುಂಚೆಯೇ ನಮ್ಮ ಐಸ್ ಫ್ಯಾಕ್ಟರಿಯ ಮುಂದೆ ಐಸಿಗೆ ಸಾಲು ನಿಲ್ಲುತ್ತವೆ. ಉಪ್ಪುನೀರಿನ ತೊಟ್ಟಿಯಿಂದ ಐಸಿನ ಡಬ್ಬಿ ಎತ್ತುವುದು, ನೀರಿನಲ್ಲಿ ಅದ್ದಿ ಗಡ್ಡೆ ಬಿಡಿಸುವುದು, ತಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಕೈ ಮರಗಟ್ಟುತ್ತದೆ. ಊಟಕ್ಕೆ ಕುಳಿತಾಗ ಅನ್ನ ಬಿಸಿಯೋ ತಣ್ಣಗೋ ಬಾಯಿಗೆ ಇಟ್ಟ ಮೇಲೇ ಗೊತ್ತಾಗುವುದು.

ರಜೆ ಸಿಗುವುದಿಲ್ಲ.

ತಮ್ಮ

ಏಪ್ರಿಲ್ ೨೬

ತಮ್ಮಾ,

ರಜೆ ಸಿಗುವುದಿಲ್ಲ ಎಂದು ಎರಡು ಪದದಲ್ಲಿ ಬರೆದು ಕೈ ತೊಳೆದುಕೊಂಡೆ. ನಿನಗೆ ಹೇಳುವುದು ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೂ ಬಾರಿಸುತ್ತೇನೆ.

ಲಾಳಿಯ ಕತ್ತು ನಿಂತಿದೆ. ಬೋರಲು ಮಲಗಿಸಿದರೆ ಮೊಳಕೈ ಊರಿ, ಎದೆ ಎತ್ತಿ, ಲೆಕ್ಕ ಕೇಳಲು ಬಂದ ಮಾಲೀಕರ ಹಾಗೆ ಸುತ್ತ ನೋಡುತ್ತಾಳೆ. ಅವಳಿಗೆ ಕೈ ಇರುವ ವಿಷಯ ಮೊನ್ನೆ ಮೊನ್ನೆ ಗೊತ್ತಾಯಿತು. ಮುಖದ ಮುಂದೆ ಹಿಡಿದು ಒಂದೊಂದೇ ಬೆರಳು ನೋಡುತ್ತಾ ಮಲಗಿರುತ್ತಾಳೆ. ಹುಟ್ಟಿದಾಗ ಬಿಗಿದುಕೊಂಡಿದ್ದ ಮುಷ್ಟಿ ಬಿಚ್ಚಿದೆ. ಸಿಕ್ಕಿದ್ದನ್ನು ಹಿಡಿಯುತ್ತಾಳೆ, ಆದರೆ ಬಿಡುವುದು ಇನ್ನೂ ಗೊತ್ತಿಲ್ಲ. ನನ್ನ ಕೂದಲು ಅವಳ ಕೈಗೆ ಸಿಕ್ಕರೆ ನಿನ್ನ ಭಾವನೇ ಬಂದು ಬಿಡಿಸಬೇಕು.

ಕಿವಿ ಬಲು ಚುರುಕು. ಮೊನ್ನೆ ನಾನು ಅವಳ ಬೆನ್ನ ಹಿಂದಿನಿಂದ ನಿನ್ನ ಭಾವನನ್ನು ಕರೆಯಲು ನೆಲ ಬಡಿದೆ. ಇವರು ತಿರುಗುವುದಕ್ಕೆ ಮುಂಚೆ ಅವಳು ಕಣ್ಣು ಅರಳಿಸಿ ತಿರುಗಿದಳು! ಇವರು ನಕ್ಕು, "ಈ ಮನೇಲಿ ಕಿವಿ ನೆಟ್ಟಗಿರೋಳು ಇವಳೊಬ್ಬಳೇ ಕಣೇ. ಇನ್ಮೇಲೆ ಬಾಗಿಲು ಬಡಿದ್ರೆ ಇವಳೇ ನಮಗೆ ಹೇಳ್ಲಿ" ಅಂದರು.

ಬಾ. ಒಂದೇ ದಿನದ ಮಟ್ಟಿಗಾದರೂ ಬಾ.

ಅಕ್ಕ

ಮೇ ೧೯

ಅಕ್ಕಾ,

ಇದರ ಜೊತೆ ಒಂದು ಗಂಟೆ ಕಳಿಸಿದ್ದೇನೆ. ಗಾಳದ ದಾರಕ್ಕೆ ಕಟ್ಟುವಂಥದ್ದು. ಮೀನು ಕಚ್ಚಿದರೆ ಸಣ್ಣಗೆ ಸದ್ದಾಗುತ್ತದೆ. ದಂಡೆಯಲ್ಲಿ ಮಾರುತ್ತಿದ್ದರು, ಕೊಂಡೆ. ಯಾಕೆ ಕೊಂಡೆ ಅಂತ ಗೊತ್ತಿಲ್ಲ.

ಮಗುವಿನ ಅಮ್ಮನ ದನಿಯೂ ಅಷ್ಟೇ ಸಣ್ಣದಿತ್ತು. ಹೆರಿಗೆಗೆ ಮುಂಚೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಏನೇನೋ ಹೇಳುತ್ತಿದ್ದಳು. ನನಗೂ ಕೇಳಿಸುತ್ತಿರಲಿಲ್ಲ. "ನಿಮಗಲ್ಲ ಹೇಳ್ತಿರೋದು" ಅನ್ನುತ್ತಿದ್ದಳು.

ಗಂಟೆ ಬಾರಿಸಿದರೆ ಮಗು ತಿರುಗುತ್ತದೆಯೇ, ಬರೆ.

ತಮ್ಮ

ಜೂನ್ ೩೦

ತಮ್ಮಾ,

ನೀನಾಗಿಯೇ ಒಂದು ಪ್ರಶ್ನೆ ಕೇಳಿದೆ! ಆ ಕಾಗದವನ್ನು ನಿನ್ನ ಭಾವನಿಗೆ ಎರಡು ಸಲ ತೋರಿಸಿದೆ.

ಗಂಟೆ ಅವಳಿಗೆ ಪ್ರಾಣ. ತೊಳೆದು ಒರೆಸಿ, ಗಟ್ಟಿ ದಾರದಲ್ಲಿ ತೊಟ್ಟಿಲಿಗೆ ಕಟ್ಟಿದ್ದೇನೆ, ನುಂಗುವ ಭಯವಿಲ್ಲ. ಬಾಯಿಗೆ ಹಾಕಿ ಚಪ್ಪರಿಸುತ್ತಾಳೆ, ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಈ ವಯಸ್ಸಿನಲ್ಲಿ ಮಕ್ಕಳು ಲೋಕವನ್ನೆಲ್ಲ ನಾಲಗೆಯಿಂದಲೇ ನೋಡುವುದಂತೆ. ನನ್ನ ಸೆರಗು, ಇವರ ಮೂಗು, ತನ್ನ ಕಾಲ ಹೆಬ್ಬೆರಳು, ಎಲ್ಲದರ ರುಚಿಯೂ ಆಗಿದೆ.

ಮಗುಚಿಕೊಳ್ಳುತ್ತಾಳೆ. ಬೋರಲಿನಿಂದ ಅಂಗಾತ ಮೊದಲು ಬಂತು, ಅಂಗಾತದಿಂದ ಬೋರಲು ಆಮೇಲೆ. ದಿಂಬು ಆನಿಸಿದರೆ ಕೂರುತ್ತಾಳೆ, ಸ್ವಲ್ಪ ಹೊತ್ತಿಗೆ ಮೂಟೆಯ ಹಾಗೆ ಒಂದು ಪಕ್ಕಕ್ಕೆ ಜಾರುತ್ತಾಳೆ. ಮುಂಚೆ ತನ್ನಷ್ಟಕ್ಕೆ ಊಂ, ಆಂ ಎನ್ನುತ್ತಿದ್ದಳಂತೆ, ಪಕ್ಕದ ಮನೆಯವರು ಹೇಳುತ್ತಾರೆ. ಈಚೆಗೆ ಅದೂ ಕಡಿಮೆಯಂತೆ. ಅಮ್ಮನ ಗುಣ ಇರಬೇಕು.

ಗಂಟೆಯ ಸದ್ದಿಗೆ ತಿರುಗುತ್ತಾಳೆಯೇ ಎಂದು ಕೇಳಿದ್ದೀಯ. ಈ ಮಗ್ಗದ ನಡುವೆ ಆ ಗಂಟೆ ನನಗೇ ಕೇಳುವುದಿಲ್ಲ. ಮುಂದಿನ ಭಾನುವಾರ ಶೆಡ್ಡು ಪೂರ್ತಿ ನಿಲ್ಲಿಸಿ ಯಂತ್ರಕ್ಕೆ ಎಣ್ಣೆ ಹಾಕುತ್ತಾರೆ. ಆವತ್ತು ನೋಡಿ ಬರೆಯುತ್ತೇನೆ. ನೀನೇ ಬಂದು ಬಾರಿಸಿದರೆ ಇನ್ನೂ ಒಳ್ಳೆಯದು.

ಅಕ್ಕ

ಜುಲೈ ೧೭

ಅಕ್ಕಾ,

ಭಾನುವಾರ ಗಂಟೆ ಬಾರಿಸಿದೆಯಾ?

ತಮ್ಮ

ಆಗಸ್ಟ್ ೨೯

ತಮ್ಮಾ,

ಉತ್ತರ ತಡವಾಯಿತು. ಶೆಡ್ಡಿನಲ್ಲಿ ಕೆಲಸ ಜಾಸ್ತಿ. ನಾನು ಬೆಳಗಿನ ಪಾಳಿ, ಇವರು ಸಂಜೆಯದು, ಒಬ್ಬರಲ್ಲ ಒಬ್ಬರು ಮೇಲೆ ಮಗುವಿನ ಹತ್ತಿರ.

ಲಾಳಿ ಆಸರೆಯಿಲ್ಲದೆ ಕೂರುತ್ತಾಳೆ. ಕೆಳಗೆ ಎರಡು ಹಲ್ಲು ಬಂದಿವೆ. ಒಂದು ಕೈಯಲ್ಲಿದ್ದದ್ದನ್ನು ಇನ್ನೊಂದು ಕೈಗೆ ದಾಟಿಸುತ್ತಾಳೆ. ವಸ್ತುವನ್ನು ಬಟ್ಟೆಯ ಕೆಳಗೆ ಅಡಗಿಸಿದರೆ ಮುಂಚೆ ಮರೆತುಬಿಡುತ್ತಿದ್ದಳು, ಈಗ ಬಟ್ಟೆ ಎಳೆದು ಹುಡುಕುತ್ತಾಳೆ. ಕಣ್ಣಿಗೆ ಕಾಣದ್ದು ಇಲ್ಲವಾಗಿಲ್ಲ ಎಂದು ತಿಳಿಯುವ ವಯಸ್ಸಂತೆ. ಹೊಸಬರನ್ನು ಕಂಡರೆ ಮುಖ ಮುಚ್ಚಿ ಅಳುತ್ತಾಳೆ, ಅದೂ ವಯಸ್ಸಿಗೆ ಸರಿಯೇ. ತೂಕ ಚೆನ್ನಾಗಿದೆ. ಊಟ ಚೆನ್ನಾಗಿದೆ. ನಿದ್ದೆ ಚೆನ್ನಾಗಿದೆ.

ಎಲ್ಲ ಚೆನ್ನಾಗಿದೆ.

ಅಕ್ಕ

ಸೆಪ್ಟೆಂಬರ್ ೨೪

ಅಕ್ಕಾ,

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಇದರಲ್ಲಿ ಬಾ ಎಂದು ಬರೆದಿಲ್ಲ. ಹಿಂದಿನ ಎಲ್ಲದರಲ್ಲೂ ಇತ್ತು. ಗಂಟೆಯ ಮಾತೂ ಇಲ್ಲ.

ನನಗೆ ಅರ್ಥವಾಯಿತು. ನಿಮಗೆ ಮಕ್ಕಳಿಲ್ಲ. ಇಷ್ಟು ತಿಂಗಳು ಸಾಕಿದ್ದೀರಿ. ನಾನು ಬಂದು ಕರೆದುಕೊಂಡು ಹೋದರೆ ಎಂಬ ಹೆದರಿಕೆ ಸಹಜ. ಹೆದರಬೇಡ. ನೀನೇ ಇಟ್ಟುಕೋ. ನನ್ನ ತಕರಾರಿಲ್ಲ. ಎಲ್ಲಿ ಬೇಕಾದರೂ ಸಹಿ ಹಾಕಿಕೊಡುತ್ತೇನೆ.

ಇದನ್ನು ಬರೆಯುವಾಗ ಕೈ ನಡುಗಬೇಕಿತ್ತು ಅನ್ನಿಸಿತು. ನೋಡಿದೆ. ನಡುಗುತ್ತಿರಲಿಲ್ಲ.

ತಮ್ಮ

ಅಕ್ಟೋಬರ್ ೩

ತಮ್ಮಾ,

ಇಟ್ಟುಕೋ ಎಂದರೆ ಏನೋ? ಅವಳೇನು ಪಾತ್ರೆಯಾ? ಸಹಿಯಂತೆ ಸಹಿ. ನಿನ್ನ ಕಾಗದ ನೋಡಿ ಮೈಯೆಲ್ಲ ಉರಿದುಹೋಯಿತು. ಅದನ್ನು ಹರಿದು ಒಲೆಗೆ ಹಾಕಿದ್ದೇನೆ, ನಿನ್ನ ಭಾವನಿಗೆ ತೋರಿಸಿಲ್ಲ.

ಬಾ ಎಂದು ಬರೆಯದೇ ಇದ್ದದ್ದಕ್ಕೆ ಕಾರಣ ಬೇರೆ. ಲಾಳಿಗೆ ಕಿವಿ ಕೇಳುವುದಿಲ್ಲ.

ಆ ಭಾನುವಾರ ಮಗ್ಗ ನಿಂತವು. ಮನೆ ಎಷ್ಟು ಮೌನವಾಯಿತೆಂದರೆ ನಮಗೇ ತಲೆ ತಿರುಗಿತು. ಅವಳನ್ನು ಮಂಚದ ಮೇಲೆ ಇವರ ತೊಡೆಯಲ್ಲಿ ಕೂರಿಸಿ, ಹಿಂದೆ ನಿಂತು ಗಂಟೆ ಬಾರಿಸಿದೆ. ತಿರುಗಲಿಲ್ಲ. ಜೋರಾಗಿ ಬಾರಿಸಿದೆ. ಚಪ್ಪಾಳೆ ತಟ್ಟಿದೆ. ತಟ್ಟೆ ಬಡಿದೆ, ಹೆಸರು ಹಿಡಿದು ಕೂಗಿದೆ. ಇವರ ಅಂಗಿಯ ಗುಂಡಿ ಕೀಳುತ್ತಾ ಕೂತೇ ಇದ್ದಳು. ಇವರು, "ಆಟದಲ್ಲಿದ್ದಾಳೆ ಬಿಡೇ" ಅಂದರು. ಆದರೆ ಇವರ ಮುಖ ಆಗಲೇ ಬಿಳಿಚಿಕೊಂಡಿತ್ತು. ಆಮೇಲೆ ಅವಳನ್ನು ಹಲಗೆಯ ಮೇಲೆ ಇಳಿಸಿ, ಹಿಂದಿನಿಂದ ಹಿಮ್ಮಡಿ ಬಡಿದೆ. ತಕ್ಷಣ ತಿರುಗಿ ನನ್ನನ್ನು ನೋಡಿ ನಕ್ಕಳು.

ಅವಳು ಕೇಳುತ್ತಿದ್ದದ್ದಲ್ಲ. ನೆಲ ಅದುರಿದ್ದು ಮೈಗೆ ತಾಗುತ್ತಿತ್ತು. ಮಗ್ಗಗಳು ತೂಗುತ್ತಿದ್ದದ್ದೂ ಹಾಗೆಯೇ. ಬೇರೆ ಯಾರ ಮನೆಯಲ್ಲಾದರೂ ಮೂರು ತಿಂಗಳಿಗೇ ಗೊತ್ತಾಗುತ್ತಿತ್ತು. ಕೂಗಿದರೆ ತಿರುಗಲಿಲ್ಲ ಎಂದು ಯಾವ ತಾಯಿಯಾದರೂ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಕೂಗುವವರೇ ಇಲ್ಲ. ಕಿವಿ ಚುರುಕು ಎಂದು ನಾನೇ ನಿನಗೆ ಬರೆದೆನಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ತಲೆಗೆ ವೈರು ಅಂಟಿಸಿ, ಯಂತ್ರದಲ್ಲಿ ನೋಡಿದರು. ಹುಟ್ಟಿನಿಂದಲೇ ಇರಬೇಕಂತೆ. ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಕೇಳಿದರು.

ಹೆಂಡತಿ ಹೋದ ಮೇಲೆ ಇದನ್ನೂ ಕೇಳಿದರೆ ನೀನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಹೆದರಿ ಮುಚ್ಚಿಟ್ಟೆ. ಈಗ ಹೇಳಿದ್ದೇನೆ. ಆ ಕಿನ್ನರಿಯ ಗಾದೆಯನ್ನು ಮಾತ್ರ ಇನ್ನು ನನ್ನ ಬಾಯಲ್ಲಿ ತರುವುದಿಲ್ಲ.

ಅಕ್ಕ

ನವೆಂಬರ್ ೨೨

ತಮ್ಮಾ,

ಒಂದೂವರೆ ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಇರಲಿ. ನಾನು ಬರೆಯುವುದು ಬಿಡುವುದಿಲ್ಲ, ನೀನು ಓದದಿದ್ದರೆ ಬಿಡು.

ಅಂಬೆಗಾಲಿಡುತ್ತಾಳೆ. ಮಂಚದ ಕಾಲು ಹಿಡಿದು ಎದ್ದು ನಿಲ್ಲುತ್ತಾಳೆ, ಮಂಚ ಹಿಡಿದೇ ಪಕ್ಕಕ್ಕೆ ಎರಡು ಹೆಜ್ಜೆ ಸರಿಯುತ್ತಾಳೆ. ಹೆಬ್ಬೆರಳು ತೋರುಬೆರಳು ಕೂಡಿಸಿ ಹಲಗೆಯ ಸಂದಿನಿಂದ ಹತ್ತಿಯ ಎಳೆ ಹೆಕ್ಕುತ್ತಾಳೆ. ಗುಡಿಸಿದ ಮೇಲೆ ಅವಳ ತಪಾಸಣೆ ಆಗಲೇಬೇಕು.

ಇದಲ್ಲ ನಾನು ಹೇಳಬೇಕೆಂದದ್ದು. ಶೆಡ್ಡಿನಲ್ಲಿ ಎಳೆ ಕಡಿದರೆ ನಾವು ಎರಡು ಮುಷ್ಟಿ ಜೋಡಿಸಿ, ಫಟ್ಟೆಂದು ಆಚೆ ಈಚೆ ಎಳೆದು ತೋರಿಸುತ್ತೇವೆ. ನೋಡಿದವರು ಬಂದು ಗಂಟು ಹಾಕಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿ ತೋರಿಸುತ್ತಾರೆ. ಗಂಟು ಬಿತ್ತು, ಓಡಿಸು ಎಂದು ಅರ್ಥ. ಮನೆಯಲ್ಲೂ ಏನಾದರೂ ಮುಗಿದರೆ, ಒಡೆದರೆ, ಕೆಟ್ಟರೆ ಅದೇ ಸನ್ನೆ. ಮೊನ್ನೆ ಲಾಳಿಯ ಹಾಲು ಮುಗಿಯಿತು. ಖಾಲಿ ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಎರಡು ಪುಟ್ಟ ಮುಷ್ಟಿ ಜೋಡಿಸಿದಳು. ಎಳೆದಳು.

ನಿನ್ನ ಭಾವ ಹಾಲಿನ ಪಾತ್ರೆ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. "ಎಳೆ ಕಡಿದ್ರೆ ಓಡಿ ಬರೋದೇ ನನ್ನ ಕೆಲ್ಸ ಅಲ್ವಾ" ಅಂದರು. ನಗುತ್ತಲೇ ಅಂದರು, ಕಣ್ಣಲ್ಲಿ ನೀರಿತ್ತು. ಹಾಲು ಕೊಟ್ಟು ಬೆರಳು ಉಜ್ಜಿ ತೋರಿಸಿದರು. ಅವಳೂ ಉಜ್ಜಿದಳು.

ಇದು ನಿನ್ನ ಮಗಳ ಮೊದಲ ಮಾತು. ನರ್ಸಮ್ಮನಿಗೆ ಹೇಳಿದೆ. ಇದೂ ಮಾತೇ, ಹೊತ್ತಿಗೆ ಮುಂಚೆಯೇ ಬಂದಿದೆ ಎಂದರು.

ಅಕ್ಕ

ಡಿಸೆಂಬರ್ ೧೨

ಅಕ್ಕಾ,

ಎರಡು ಕಾಗದಕ್ಕೂ ಇದೇ ಉತ್ತರ.

ಕೇಳುವುದಿಲ್ಲ ಎಂದು ಓದಿದಾಗಲೂ ಏನೂ ಅನ್ನಿಸಲಿಲ್ಲ. ಕಾಗದ ಮಡಿಸಿ ಊಟ ಮಾಡಿದೆ, ಕೆಲಸಕ್ಕೆ ಹೋದೆ. ನೀನು ನೆಲದ ವಿಷಯ ಬರೆದದ್ದು ಮಾತ್ರ ತಲೆಯಿಂದ ಹೋಗಲಿಲ್ಲ. ಬೇರೆ ಯಾರಿಗಾದರೂ ಗೊತ್ತಾಗುತ್ತಿತ್ತು ಎಂದು ಬರೆದಿದ್ದೀಯಲ್ಲ, ಅದು.

ಆಸ್ಪತ್ರೆಯಲ್ಲಿ ಆವತ್ತು ಮಗುವಿನ ಅಮ್ಮನ ಕೈ ನನ್ನ ಕೈಯಲ್ಲಿತ್ತು. ನಿದ್ದೆ ಹೋಗಿದ್ದಾಳೆ ಅಂದುಕೊಂಡೆ. ಹಿಡಿದೇ ಕೂತಿದ್ದೆ. ನರ್ಸು ಬಂದು ಮುಟ್ಟಿದವಳೇ, "ಎಷ್ಟು ಹೊತ್ತಾಯ್ತು? ಕೈ ತಣ್ಣಗಾಗಿದೆಯಲ್ರೀ, ನಿಮಗೆ ಗೊತ್ತಾಗಲಿಲ್ವಾ?" ಅಂದಳು. ಗೊತ್ತಾಗಿರಲಿಲ್ಲ ಅಕ್ಕಾ. ಇಷ್ಟು ವರ್ಷ ಐಸು ಎತ್ತಿದ ಕೈ, ಅದಕ್ಕೆ ತಣ್ಣಗಿರುವುದು ತಣ್ಣಗೆ ಅನ್ನಿಸುವುದಿಲ್ಲ. ಬೇರೆ ಯಾರಾದರೂ ಹಿಡಿದಿದ್ದರೆ ಬೇಗ ಕೂಗುತ್ತಿದ್ದರು. ಕೂಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಮಗುವನ್ನು ನನ್ನ ಕೈಗೆ ಕೊಡಲು ಬಂದರು. ಈ ಕೈಯಲ್ಲಿ ಇದರ ಮೈ ಆರಿದರೂ ನನಗೆ ಗೊತ್ತಾಗುವುದಿಲ್ಲ ಅನ್ನಿಸಿತು. ಅದಕ್ಕೇ ಎತ್ತಿಕೊಳ್ಳಲಿಲ್ಲ. ರಜೆಯ ಮಾತೆಲ್ಲ ಸುಳ್ಳು. ರಜೆ ಯಾವಾಗ ಕೇಳಿದರೂ ಸಿಗುತ್ತಿತ್ತು.

ನಿನಗೆ ಅದು ತಿಳಿಯಲಿಲ್ಲ, ನನಗೆ ಇದು ತಿಳಿಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಜನವರಿ ಐದಕ್ಕೆ, ಅವಳು ಹುಟ್ಟಿದ ದಿನಕ್ಕೆ ಬರುತ್ತೇನೆ. ಅಪ್ಪ ಎನ್ನುವುದಕ್ಕೆ ನಿಮ್ಮ ಶೆಡ್ಡಿನಲ್ಲಿ ಸನ್ನೆ ಇದೆಯೇ?

ತಮ್ಮ

ಡಿಸೆಂಬರ್ ೧೯

ತಮ್ಮಾ,

ಆವತ್ತು ವೈದ್ಯರು ನನಗೆ ಹೇಳಿದ್ದರು. ರಕ್ತಸ್ರಾವ ಆಗಲೇ ಕೈ ಮೀರಿತ್ತಂತೆ, ಯಾರು ಕೂಗಿದ್ದರೂ ಅಷ್ಟೇ ಎಂದರು. ನಿನಗೂ ಹೇಳಿರುತ್ತಾರೆ ಅಂದುಕೊಂಡು ನಾನು ಸುಮ್ಮನಿದ್ದೆ. ನೀನು ಒಂದು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತೀಯ ಎಂದು ನನಗೇನು ಗೊತ್ತು.

ಅಪ್ಪನಿಗೆ ಶೆಡ್ಡಿನಲ್ಲಿ ಸನ್ನೆ ಇಲ್ಲ. ಮಗ್ಗದ ನಡುವೆ ಅಪ್ಪನನ್ನು ಯಾರು ಕರೆಯುತ್ತಾರೆ? ಬಾ. ಅವಳೇ ಏನಾದರೂ ಮಾಡಿಕೊಳ್ಳುತ್ತಾಳೆ. ಬಾಗಿಲು ಬಡಿಯಬೇಡ, ಯಾರಿಗೂ ಕೇಳುವುದಿಲ್ಲ. ಮೆಟ್ಟಿಲ ಮೇಲೆ ಕಾಲು ಜೋರಾಗಿ ಇಡು.

ಅಕ್ಕ

ಜನವರಿ ೧೫

ಅಕ್ಕಾ,

ಬಂದು ತಲುಪಿದೆ. ಅಲ್ಲಿದ್ದಷ್ಟು ದಿನವೂ ನಿನಗೆ ಹೇಳದೇ ಇದ್ದದ್ದನ್ನು ಬರೆಯುತ್ತೇನೆ. ನಾನು ಬಂದಾಗ ನೀನು ಕೆಳಗೆ ಮಗ್ಗದ ಮುಂದೆ ಇದ್ದೆ. ಭಾವ ಒಳಗೆ ಹಾಲು ಕಾಯಿಸುತ್ತಿದ್ದರು.

ಮೆಟ್ಟಿಲ ಮೇಲೆ ಕಾಲು ಜೋರಾಗಿ ಇಟ್ಟೆ. ಬಾಗಿಲು ತೆರೆದಾಗ ಅವಳು ಮಂಚ ಹಿಡಿದು ನಿಂತು ಬಾಗಿಲನ್ನೇ ನೋಡುತ್ತಿದ್ದಳು. ನನ್ನನ್ನು ಕಂಡದ್ದೇ ತುಟಿ ನಡುಗಿತು, ಅಳು ಶುರುವಾಯಿತು. ನಾನು ಹೊಸಬ. ಅವಳದು ತಪ್ಪಲ್ಲ. ಏನು ಮಾಡಬೇಕೋ ತೋಚದೆ ಮೊಣಕಾಲೂರಿ ಕೂತು, ನೀನು ಬರೆದ ಸನ್ನೆ ಮಾಡಿದೆ. ಮುಷ್ಟಿ ಜೋಡಿಸಿ ಎಳೆದೆ. ಅವಳ ಅಮ್ಮ ಹೋದಾಗಿನಿಂದ ಅಷ್ಟನ್ನೂ ನಾನು ಯಾರಿಗೂ ಹೇಳಿರಲಿಲ್ಲ.

ಅಳು ನಿಂತಿತು. ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಒಂದು ಕೈ ಮಂಚದಿಂದ ಬಿಟ್ಟು, ಹೆಬ್ಬೆರಳು ತೋರುಬೆರಳು ಉಜ್ಜಿದಳು. ಅರ್ಥವಾಗಿ ಮಾಡಿದ್ದಲ್ಲ, ನನಗೆ ಗೊತ್ತು. ನಿಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಉತ್ತರ ಕೊಡುತ್ತಾರೆ.

ಎತ್ತಿಕೊಂಡೆ. ಬೆಚ್ಚಗಿದ್ದಳು. ನನಗೆ ಗೊತ್ತಾಯಿತು. ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಬೆಚ್ಚಗಿದ್ದಳು ಅನ್ನುವುದಷ್ಟೇ ಗೊತ್ತು.

ಇಲ್ಲಿ ಮತ್ತೆ ಮೀನಿನ ಕಾಲ. ಮುಂದೆ ಯಾವಾಗ ಬರುತ್ತೇನೋ ಹೇಳಲಾರೆ.

ತಮ್ಮ

ಜನವರಿ ೨೬

ತಮ್ಮಾ,

ಹೆಚ್ಚು ಬರೆಯುವುದಿಲ್ಲ. ನೀನು ಹೋದ ದಿನ ಲಾಳಿ ಮಂಚದ ಕೆಳಗೆ, ಬಾಗಿಲ ಹಿಂದೆ, ಹೊದಿಕೆಯ ಒಳಗೆಲ್ಲ ಹುಡುಕಿದಳು. ಅಡಗಿಸಿದ ವಸ್ತುವನ್ನು ಹುಡುಕುವ ಹಾಗೆಯೇ. ಆಮೇಲೆ ಮೆಟ್ಟಿಲ ಬಾಗಿಲಿಗೆ ಹೋಗಿ, ಹಲಗೆಗೆ ಅಂಗೈ ಊರಿ ಕೂತಳು. ಈಗ ದಿನವೂ ಕೂರುತ್ತಾಳೆ. ಕೆಳಗೆ ಮಗ್ಗ ಬಡಿಯುತ್ತಲೇ ಇರುತ್ತವೆ, ಅದರಲ್ಲಿ ಅವಳು ಯಾವುದನ್ನು ಹುಡುಕುತ್ತಾಳೋ.

ನಿನ್ನೆ ನನ್ನ ಕಡೆ ತಿರುಗಿ ಮುಷ್ಟಿ ಜೋಡಿಸಿ ಎಳೆದಳು. ನಿನ್ನ ಭಾವ ಸಮಾಧಾನಕ್ಕೆಂದು ಬೆರಳು ಉಜ್ಜಿ ತೋರಿಸಿದರು. ಅವಳು ಮೆಟ್ಟಿಲ ಕಡೆ ನೋಡಿದಳು, ಇವರ ಕಡೆ ನೋಡಿದಳು, ಮತ್ತೆ ಎಳೆದಳು. ಸುಳ್ಳು ಗಂಟಿಗೆ ಒಪ್ಪುವವಳಲ್ಲ.

ಅದು ನಾನು ಹಾಕುವ ಗಂಟಲ್ಲ.

ಅಕ್ಕ

ಫೆಬ್ರವರಿ ೪

ಅಕ್ಕಾ,

ಐಸ್ ಫ್ಯಾಕ್ಟರಿಯ ಕೆಲಸ ಬಿಟ್ಟೆ. ಶೆಡ್ಡಿನಲ್ಲಿ ನೂಲಿನ ಪೆಟ್ಟಿಗೆ ಹೊರುವ ಕೆಲಸವಾದರೂ ಸಾಕು ಎಂದು ಭಾವನಿಗೆ ಹೇಳು. ಸನ್ನೆಗಳನ್ನು ಅವರೇ ಕಲಿಸಬೇಕು, ಎರಡೇ ಬರುವುದು ನನಗೆ.

ಶುಕ್ರವಾರ ಬೆಳಗ್ಗೆ ಬರುತ್ತೇನೆ. ಅವಳನ್ನು ತೊಟ್ಟಿಲಲ್ಲಿ ಮಲಗಿಸಬೇಡ, ಹಲಗೆಯ ಮೇಲೆ ಕೂರಿಸಿರು. ಕೆಳಗಿನ ಮೆಟ್ಟಿಲಿನಿಂದಲೇ ಕಾಲು ಜೋರಾಗಿ ಇಡುತ್ತೇನೆ.

ತಮ್ಮ